ಕುಂಚ ಎತ್ತದೆ ಎಳೆದ ಗೆರೆ

“ನಿನ್ನೆ ಸಂಜೆ ಕ್ಯಾನ್ ಇಳಿಸಿದ್ಯಾ? ನಿಜ ಹೇಳಕ್ಕ!”

ಬಣ್ಣದ ಡಬ್ಬಿ ಹಿಡಿದು ನಿಂತಿದ್ದ ತಂಗಿಯ ದನಿ ಕೀರಲಾಯಿತು. ಮೊನ್ನೆ ತಾವೇ ಹೆಸರು ಬರೆದಿದ್ದ ಬೇಕರಿಯ ಗಾಜಿನ ಮುಂದೆ ಬೆಂಚು ಹತ್ತಿದ್ದ ಅಕ್ಕ ನಾಲಿಗೆ ಕಚ್ಚಿಕೊಂಡಳು.

“ವಾರವಾರದ ರೂಢಿ ಕಣೇ. ಇವತ್ತು ಬೋರ್ಡು ಅನ್ನೋದೇ ಮರೆತುಹೋಯ್ತು.”

“ಮುಗೀತು ಬಿಡು ನಮ್ಮ ಕಥೆ!”

ಅಕ್ಕನ ಬಲಗೈ ಮುರಿದು, ಪ್ಲಾಸ್ಟರ್ ಬಿಚ್ಚಿದ ಮೇಲೆ, ವ್ಯಾಯಾಮ ಕಲಿಸುವ ಡಾಕ್ಟರಮ್ಮ ಹೇಳಿಕೊಟ್ಟ ಕೆಲಸ ಅದು. ನೀರು ತುಂಬಿದ ಕ್ಯಾನನ್ನು ಎರಡೂ ಕೈಯಿಂದ ಎತ್ತಿ, ಬಲಗೈ ಒಂದರಲ್ಲೇ ನಿಧಾನ ಇಳಿಸಬೇಕು. ಹಾಗೆ ಇಳಿಸುವಾಗ ತೋಳಿನ ಸ್ನಾಯು ಉದ್ದಕ್ಕೆ ಹಿಗ್ಗುತ್ತಲೇ ಭಾರ ತಡೆದು ಗಟ್ಟಿಯಾಗುತ್ತದಂತೆ. ಮೊದಲ ಸಲ ಇಳಿಸಿದ ಮರುದಿನ ಅಕ್ಕನ ಕೈ ಎಷ್ಟು ನಡುಗಿತ್ತೆಂದರೆ, ಕ್ಷೌರದಂಗಡಿಯ ಹೆಸರಿನ ಕೆಳಗೆ ಎಳೆದ ಗೆರೆ ಹಾವು ಹರಿದಂತೆ ಆಗಿತ್ತು. ಬೀದಿಯೆಲ್ಲ ನಕ್ಕಿತ್ತು. “ಹೊಸದರಲ್ಲಿ ಹಾಗೇ. ಮಾಡ್ತಾ ಮಾಡ್ತಾ ನಡುಕ ಕಡಿಮೆಯಾಗುತ್ತೆ, ಬಿಡಬೇಡಿ” ಎಂದಿದ್ದರು ಡಾಕ್ಟರಮ್ಮ. ಅಕ್ಕ ಬಿಟ್ಟಿರಲಿಲ್ಲ. ಆದರೆ ಕ್ಯಾನ್ ಇಳಿಸಿದ ಮರುದಿನ ಕುಂಚ ಮುಟ್ಟುವ ಧೈರ್ಯವನ್ನೂ ಮಾಡಿರಲಿಲ್ಲ.

ಬೇಕರಿ ಯಜಮಾನ ಕೈಯ ಹಿಟ್ಟು ಕೊಡವುತ್ತಾ ಹೊರಬಂದ. “ಏನಮ್ಮಾ, ಗೆರೆ ಎಳೀತೀರೋ, ಬೆಂಚಿನ ಮೇಲೇ ಸಂಸಾರ ಹೂಡ್ತೀರೋ? ಸೊಟ್ಟಗಾದ್ರೆ ಸ್ಟಿಕ್ಕರಿನವರನ್ನ ಕರೀತೀನಿ. ನನ್ನ ಮಿಕ್ಕ ಅಂಗಡಿಗಳ ಬೋರ್ಡೂ ಅವರಿಗೇ.”

“ನೆಟ್ಟಗೆ ಬಂದ್ರೆ?”

“ಎಲ್ಲಾ ನಿಮಗೇ.”

“ನಾಳೆ ಬರ್ತೀವಿ ಅನ್ನಕ್ಕ,” ತಂಗಿ ಪಿಸುಗುಟ್ಟಿದಳು.

“ಸುಮ್ನಿರೇ. ಈ ಕೈ ಏನು ಮಾಡುತ್ತೋ ನನಗೂ ನೋಡ್ಬೇಕು.”

ಅಕ್ಕ ಕುಂಚವನ್ನು ಡಬ್ಬಿಯಲ್ಲಿ ಅದ್ದಿದಳು. ದಾರಿಹೋಕರೂ ನಿಂತರು. ಕುಂಚ ಗಾಜಿಗೆ ತಾಗಿತು. ತೋಳಿನ ಆಳದಲ್ಲಿ ಸಣ್ಣ ನೋವು ಮಿಸುಕಿತು, ಅಷ್ಟೆ. ಒಣಗಿದ ಅಕ್ಷರಗಳ ಕೆಳಗೆ ಕೆಂಪು ಗೆರೆ ಹೊರಟಿತು. ಅಕ್ಕ ಬೆಂಚಿನ ಮೇಲೆ ಅಡ್ಡಹೆಜ್ಜೆ ಇಡುತ್ತಾ ಸರಿದಳು, ಕೆಳಗೆ ತಂಗಿಯೂ ಕಣ್ಣು ಮುಚ್ಚಿಕೊಂಡೇ ಡಬ್ಬಿ ಹಿಡಿದು ಸರಿದಳು. ಅರ್ಧ ದಾಟಿತು. ಯಜಮಾನ ಒಂದು ಕಣ್ಣು ಮುಚ್ಚಿ ಗೆರೆಯ ನೇರ ಅಳೆದ.

ಗೆರೆ ನೆಟ್ಟಗೆ ಹೋಗಿ ಗಾಜಿನ ಅಂಚು ಮುಟ್ಟಿತು. ಅಕ್ಕ ಕುಂಚ ಎತ್ತಿ, ಇಷ್ಟು ಹೊತ್ತು ಬಿಗಿಹಿಡಿದ ಉಸಿರು ಬಿಟ್ಟಳು.

“ಈಗಾದ್ರೂ ಕಣ್ಣು ಬಿಡೇ,” ಎಂದಳು.

ತಂಗಿ ಕಣ್ಣು ಬಿಟ್ಟಳು. ಅವಳ ಕೈಯ ಡಬ್ಬಿ ಗಡಗಡ ನಡುಗುತ್ತಿತ್ತು; ಕೆಂಪು ಹನಿಗಳು ಒಂದೊಂದಾಗಿ ಅವಳ ಚಪ್ಪಲಿಯ ಮೇಲೆ ಬೀಳುತ್ತಿದ್ದವು.