ವಾಟ ತಪ್ಪದ ನೆಲ

ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಏನೋ ಮಿನುಗುತ್ತಿದೆ, ಹೊಲಿಗೆ ದಾರದಷ್ಟು ಸಣ್ಣದು, ಆದರೆ ಚಲಿಸುತ್ತಿದೆ, ಮಂಚದ ಕೆಳಗಿನಿಂದ ಹೊರಟು ಮೂರನೆಯ ಕಲ್ಲು ದಾಟಿ ನಾಲ್ಕನೆಯದಕ್ಕೆ ಬಂತು, ಅಲ್ಲಿ ಒಂದು ಗಳಿಗೆ ಯೋಚಿಸುವ ಹಾಗೆ ಮಾಡಿ ಎಡಕ್ಕೆ ತಿರುಗಿತು — ಎಡಕ್ಕೇ ತಿರುಗಬೇಕು, ಬೇರೆಲ್ಲಿಗೆ ಹೋದೀತು, ಎಂದುಕೊಂಡ ನೆಲದ ಮೇಸ್ತ್ರಿ, ಮಧ್ಯಾಹ್ನದ ಊಟ ಮುಗಿಸಿ ಕುರ್ಚಿಯಲ್ಲೇ ತೂಕಡಿಸಿದ್ದವನು ಅರ್ಧ ಕಣ್ಣು ತೆರೆದು, ಈ ಕೋಣೆಗೆ ವಾಟ ಕೊಟ್ಟವನು ತಾನೇ ಅಲ್ಲವೆ, ಈ ಗೋಡೆಯಿಂದ ಹಿಂಬಾಗಿಲ ಪಕ್ಕದ ಜಾಲರಿಯವರೆಗೆ ಅರ್ಧ ಬೆರಳಿನಷ್ಟು ಇಳಿಜಾರು, ಕಣ್ಣಿಗೆ ಕಾಣದು, ಕಾಲಿಗೆ ತಿಳಿಯದು, ನೀರಿಗೆ ಮಾತ್ರ ಗೊತ್ತು. ಇಪ್ಪತ್ತೆಂಟು ವರ್ಷ ಊರವರ ಮನೆಗೆಲ್ಲ ನೆಲ ಹಾಸಿದ ಕೈ, ಕೆಲಸ ಮುಗಿದ ದಿನ ಮನೆಯವರನ್ನೆಲ್ಲ ಕರೆದು ನಿಲ್ಲಿಸಿ ಒಂದು ಚೊಂಬು ನೀರು ಸುರಿಯುತ್ತಿದ್ದ, ಎಲ್ಲಾದರೂ ಒಂದು ಹನಿ ನಿಂತರೆ ಅಷ್ಟೂ ಕಲ್ಲು ಕಿತ್ತು ಮತ್ತೆ ಹಾಸಿಕೊಡ್ತೀನಿ ಎನ್ನುತ್ತಿದ್ದ, ಇಂದಿನವರೆಗೆ ಒಂದು ಕಲ್ಲೂ ಕೀಳಬೇಕಾಗಿ ಬಂದಿಲ್ಲ. ಚೊಂಬು ಮಗುಚಿತೋ ಏನೋ — ಅಲ್ಲ, ಚೊಂಬು ಮೇಜಿನ ಮೇಲೇ ಇದೆ, ಮಂಚದ ಕೆಳಗಿರುವುದು ನಾಯಿಯ ಹಾಸಿಗೆ, ಬಣ್ಣವೂ ತೆಳು ಹಳದಿ, ಅವಳದೇ. ಹದಿನೇಳು ದಿನ ಒಂದು ಹನಿ ಇರಲಿಲ್ಲ. ಇವತ್ತು ಹದಿನೆಂಟನೆಯ ದಿನ.

ಏಳಬೇಡ, ಎಂದಿತು ಮನಸ್ಸು, ಎದ್ದರೆ ಅವಳಿಗೆ ಗೊತ್ತಾಗುತ್ತದೆ, ಗೊತ್ತಾದರೆ ಬೀರುವಿನ ಸಂದಿಗೆ ಹೋಗುತ್ತಾಳೆ — ಬೀರುವಿಗೂ ಗೋಡೆಗೂ ನಡುವೆ ಒಂದೂವರೆ ಗೇಣು ಜಾಗ, ಅಷ್ಟರಲ್ಲಿ ತನ್ನನ್ನು ತುರುಕಿಕೊಂಡು ಮುಖ ಗೋಡೆಗೆ ಹಚ್ಚಿ ನಿಲ್ಲುತ್ತಾಳೆ, ಬೆನ್ನು ಮಾತ್ರ ನಮಗೆ, ಬಾಲ ಕಾಲುಗಳ ನಡುವೆ, ಕರೆದರೆ ಕಿವಿಯೂ ಅಲುಗದು. ಹದಿಮೂರು ವರ್ಷದ ಜೀವ. ಮರಳ ರಾಶಿಯ ಹಿಂದೆ ಸಿಕ್ಕವಳು, ಅಂಗೈಯಷ್ಟಿದ್ದಳು, ಕೆಲಸದವರೆಲ್ಲ ಅವಳನ್ನು ಸೂಪರ್‌ವೈಸರಮ್ಮ ಅಂತಲೇ ಕರೆಯುತ್ತಿದ್ದರು, ಯಾಕೆಂದರೆ ಹಸಿ ಸಿಮೆಂಟಿನ ಅಂಚಿಗೆ ಬಂದು ಕೂರುತ್ತಿದ್ದಳೇ ಹೊರತು ಒಂದು ಉಗುರು ಒಳಗಿಡುತ್ತಿರಲಿಲ್ಲ, ಸೂಪರ್‌ವೈಸರಮ್ಮ ಒಪ್ಪಿದ್ರೆ ಮಾಲೀಕರು ಒಪ್ಪಿದ ಹಾಗೆ ಎಂದು ಗಾರೆ ಕಲಸುವವನು ಹೇಳಿ ಎಲ್ಲರನ್ನೂ ನಗಿಸುತ್ತಿದ್ದ, ಎಷ್ಟೋ ಮನೆಗಳ ನೆಲದ ಮೇಲೆ ಮನೆಯವರಿಗಿಂತ ಮೊದಲು ಕೂತವಳು, ಆದರೆ ಎಲ್ಲಿಯೂ ಒಂದು ಸಲ ಗಲೀಜು ಮಾಡಿದವಳಲ್ಲ, ಹೊರಗೆ ಹೋಗಿ ಹುಲ್ಲು ಹುಡುಕಿ, ಮೂರು ಸುತ್ತು ಸುತ್ತಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಕೂರುವ ಮರ್ಯಾದಸ್ಥೆ. ಅಂಥವಳು ನಾಲ್ಕು ತಿಂಗಳ ಹಿಂದೆ ಮಲಗಿದಲ್ಲೇ ಒದ್ದೆ ಮಾಡಿಕೊಂಡಾಗ ಇವನಿಗೆ ತೋಚಿದ್ದೇನು, ಹಟ, ಸೊಕ್ಕು, ವಯಸ್ಸಾದ ಮೇಲೆ ಬಂದ ಸೋಮಾರಿತನ — ನಾನು ಹಾಸಿದ ನೆಲದ ಮೇಲೇ ಮಾಡ್ತೀಯಾ ಎಂದು ಕೂಗಿದ, ಮನೆಯ ಪಾತ್ರೆಗಳು ಗಲ್ಲೆಂದವು, ಮೂರು ದಿನ ಹಿತ್ತಿಲಲ್ಲಿ ಕಟ್ಟಿದ, ಅಷ್ಟೇ ಸಾಲದೆಂದು ಕುಡಿಯುವ ನೀರಿನ ಬಟ್ಟಲು ಎತ್ತಿಟ್ಟ, ಕುಡಿದರೆ ತಾನೇ ಹೊಯ್ಯುವುದು ಎಂಬ ಲೆಕ್ಕ, ಆಹಾ ಎಂಥ ಬುದ್ಧಿ, ಬಾಯಿ ಒಣಗಿಸಿಕೊಂಡು ಒಗೆಯುವ ಕಲ್ಲಿನ ತೇವವನ್ನು ಅವಳು ನೆಕ್ಕುತ್ತಿದ್ದುದನ್ನು ನೋಡಿದವಳು ಹೆಂಡತಿ, ನೋಡಿ ಬಟ್ಟಲು ತುಂಬಿ ತಂದು ಅವನ ಕಣ್ಣೆದುರೇ ಇಟ್ಟಳು, ಸದ್ದಾಗುವ ಹಾಗೆ.

ಹಳದಿ ಗೆರೆ ಐದನೆಯ ಕಲ್ಲಿಗೆ ಬಂತು, ನೇರವಾಗಿ, ಸಂದಿಗೆ ತುಂಬಿದ ಬಿಳಿ ಸಿಮೆಂಟನ್ನು ಸವರಿಕೊಂಡು. ಬಾಮೈದ ಬಂದಿದ್ದನಲ್ಲ ಆ ಭಾನುವಾರ, ಮೂಗು ಮುಚ್ಚಿಕೊಂಡೇ ಕಾಫಿ ಕುಡಿದು, ವಯಸ್ಸಾಯ್ತು ಭಾವ, ಸುಮ್ನೆ ಯಾಕೆ ಒದ್ದಾಡ್ತೀರ, ಒಂದು ಸೂಜಿ ಹಾಕಿಸಿಬಿಡಿ, ಅದಕ್ಕೂ ನೆಮ್ಮದಿ ನಿಮ್ಗೂ ನೆಮ್ಮದಿ ಎಂದ, ಇವನು ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ, ಅದು ಇಂದಿಗೂ ಮುಳ್ಳಿನ ಹಾಗೆ ಚುಚ್ಚುತ್ತದೆ, ಉತ್ತರ ಹೇಳಿದವಳು ಹೆಂಡತಿಯೇ, ಆಸ್ಪತ್ರೆಯಲ್ಲಿ ರೋಗಿಗಳ ಹೊದಿಕೆ ಒಗೆಯುವ ಕೆಲಸದವಳು, ತಮ್ಮನ ಮುಂದಿನ ಲೋಟ ಎತ್ತಿಕೊಳ್ಳುತ್ತಾ, ದಿನಕ್ಕೆ ಇನ್ನೂರು ಹಾಸಿಗೆ ಬಟ್ಟೆ ಒಗಿತೀನಪ್ಪ, ದೊಡ್ಡದೊಡ್ಡವರದ್ದೆಲ್ಲ ನೋಡಿದ್ದೀನಿ, ಯಾರಿಗೂ ಸೂಜಿ ಹಾಕ್ಸಿ ಅಂದಿಲ್ಲ, ಬೇಕಾದ್ರೆ ನಿಂಗೂ ಒಗೆದುಕೊಡ್ತೀನಿ ಬಿಡು. ಮರುದಿನವೇ ನಾಯಿ ಡಾಕ್ಟರಮ್ಮನ ಬಳಿ. ಕೈಕಟ್ಟಿ ನಿಂತ ಮೇಸ್ತ್ರಿಗೆ ಡಾಕ್ಟರಮ್ಮ ಹೇಳಿದ್ದು — ಇದು ಹಟ ಅಲ್ಲ ಮೇಸ್ತ್ರಿ, ನಿದ್ದೇಲಿ ಹೋಗ್ತಿರೋದು ಅವಳಿಗೇ ಗೊತ್ತಾಗಲ್ಲ, ವಯಸ್ಸಿಗೆ ಮೂತ್ರ ತಡೆಯೋ ಬಿಗಿ ಸಡಿಲ ಆಗಿದೆ, ಸೋಂಕೂ ಇರಬಹುದು, ನೀರು ಮಾತ್ರ ನಿಲ್ಲಿಸ್ಬೇಡಿ. ಹೆಂಡತಿ ಗೋಡೆಯ ಮೇಲಿನ ಬೆಕ್ಕಿನ ಚಿತ್ರ ನೋಡುತ್ತಿದ್ದಳು, ಕೊನೆಗೆ ಅವನೇ ಹೇಳಿದ, ನಿಲ್ಸಿದ್ದೆ ಮೇಡಂ, ಮೂರು ದಿನ, ತಪ್ಪಾಯ್ತು. ಬೆಳಗಿನ ಮೊದಲ ಮೂತ್ರ ಶುಭ್ರ ಶೀಸೆಯಲ್ಲಿ ತರಬೇಕಂತೆ. ಆ ಬೆಳಗ್ಗೆ — ನೆನೆದರೆ ಈಗಲೂ ಎದೆ ಉಬ್ಬುತ್ತದೆ — ಉದ್ದ ಹಿಡಿಯ ಸೌಟನ್ನು ಕುದಿನೀರಿನಲ್ಲಿ ತೊಳೆದುಕೊಂಡು, ಇನ್ನು ಇದು ಅಡುಗೆಮನೆಗೆ ವಾಪಸ್ ಬರೋ ಹಾಗಿಲ್ಲ ಎಂದು ಹೆಂಡತಿಯಿಂದ ಎಚ್ಚರಿಕೆ ಪಡೆದು, ಹುಲ್ಲಿನಲ್ಲಿ ಮಂಡಿಯೂರಿ ಅವಳ ಹಿಂದೆ ಹಿಂದೆ, ಅವಳು ಕೂರುವುದು, ಸೌಟು ಕಂಡು ಏಳುವುದು, ತಿರುಗಿ ನೋಡುವುದು, ಏನಪ್ಪಾ ನಿನ್ನ ಗೋಳು ಎಂಬ ಹಾಗೆ, ಮೂರು ಸಲ ಹೀಗಾಗಿ ನಾಲ್ಕನೆಯ ಸಲ ಉಸಿರು ಬಿಗಿಹಿಡಿದು ಸೌಟನ್ನು ಜಾರಿಸಿದ, ರಸಮಟ್ಟವಿಟ್ಟು ಸಾವಿರ ಸಲ ಕಲ್ಲು ಸಮ ಮಾಡಿದ ಕೈ, ಒಂದು ಹನಿ ಚೆಲ್ಲಲಿಲ್ಲ, ಶೀಸೆ ಕತ್ತಿನವರೆಗೆ ತುಂಬಿತು. ಇಷ್ಟು ಚೆನ್ನಾಗಿ ಯಾರೂ ತಂದಿರ್ಲಿಲ್ಲ ಮೇಸ್ತ್ರಿ, ಎಲ್ಲರೂ ಎರಡು ಹನಿ ತಂದು ನೆಪ ಹೇಳ್ತಾರೆ ಎಂದರು ಡಾಕ್ಟರಮ್ಮ, ನೆಲದ ಕೆಲಸಕ್ಕೆ ಎಷ್ಟೋ ಜನ ಹೊಗಳಿದ್ದಾರೆ, ಆದರೆ ಆ ಮಾತು, ಮನೆಗೆ ಬರುವವರೆಗೆ ಎರಡು ಸಲ ಹೆಂಡತಿಗೆ ಹೇಳಿದ, ಆಕೆಯೂ ಅಲ್ಲೇ ಇದ್ದಳು ಎಂಬುದು ಮರೆತು.

ಸೋಂಕಿತ್ತು, ಹತ್ತು ದಿನದ ಮಾತ್ರೆಗೆ ಹೋಯಿತು, ಸಡಿಲಕ್ಕೆ ಇನ್ನೊಂದು ಮಾತ್ರೆ, ಅದು ಜೀವ ಇರುವವರೆಗೆ, ಮೂರು ಗಂಟೆಗೊಮ್ಮೆ ಹೊರಗೆ ಕರೆದೊಯ್ಯುವುದು, ಹೆಂಡತಿ ಆಸ್ಪತ್ರೆಯಿಂದ ಕೇಳಿ ತಂದ ಮೆತ್ತನೆಯ ಹಳೆಯ ಬಟ್ಟೆಗಳು, ಇವನು ಮಾಡಿದ ಹಾಸಿಗೆ — ನಾಲ್ಕು ಗಿಡ್ಡ ಕಾಲು, ಮೇಲೆ ಬಿಗಿದ ಬಲೆ, ಅದರ ಮೇಲೆ ಒಂದೇ ಪದರ ಬಟ್ಟೆ, ಒದ್ದೆ ಅವಳ ಮೈಗೆ ಅಂಟಬಾರದು, ಇಳಿದು ನೆಲಕ್ಕೆ ಬೀಳಬೇಕು, ಬಿದ್ದದ್ದು ಅಲ್ಲೇ ನಿಲ್ಲದೆ ಹರಿದು ಹೋಗಬೇಕು, ಈಗ ಹೋಗುತ್ತಿದೆಯಲ್ಲ, ಇಗೋ ಜಾಲರಿ ಮುಟ್ಟಿತು, ಒಂದು ಹನಿ ಎಲ್ಲೂ ನಿಂತಿಲ್ಲ, ನೋಡಿ ಬೇಕಾದರೆ ಎನ್ನಬೇಕೆನಿಸಿತು, ನೋಡುವವರಿಲ್ಲ, ಆಕೆ ಕೆಲಸದಿಂದ ಬರುವುದು ಐದಕ್ಕೆ. ನಡುವೆ ಒಂದೊಂದು ದಿನ ಆಗಬಹುದು, ಆದಾಗ ಗಲಾಟೆ ಮಾಡ್ಬೇಡಿ ಎಂದಿದ್ದರು ಡಾಕ್ಟರಮ್ಮ. ಮಾಡುತ್ತಿಲ್ಲ, ಕುರ್ಚಿಯಲ್ಲಿ ಕಲ್ಲಿನ ಹಾಗೆ ಕೂತಿದ್ದಾನೆ. ಬಲೆ ಕಿರುಗುಟ್ಟಿತು. ಎದ್ದಳು. ಉಗುರು ನೆಲಕ್ಕೆ ತಾಗಿದ ಸದ್ದು, ಟಕ್, ಒಂದು ಕಾಲು, ಟಕ್, ಇನ್ನೊಂದು, ಆಮೇಲೆ ಸದ್ದಿಲ್ಲ, ಮೂಸುತ್ತಿದ್ದಾಳೆ, ಗೊತ್ತಾಯಿತು ಅವಳಿಗೆ, ಈಗ ಬಲಕ್ಕೆ ಹೋದರೆ ಬೀರು, ಮತ್ತೆ ಆ ಬೆನ್ನು, ಆ ಗೋಡೆ, ಅರ್ಧ ದಿನ, ಬೇಡ ಕಣೇ, ನಾನು ಕೂಗಲ್ಲ, ಕೂಗಿದ್ದು ನನ್ನ ತಪ್ಪು, ನೀನು ನಿದ್ದೆಯಲ್ಲಿದ್ದೆ, ನಿನಗೇನು ಗೊತ್ತು, ಇವನು ಬಾಯಿ ಬಿಡಲಿಲ್ಲ, ತಿರುಗಲಿಲ್ಲ, ಟಕ್ ಟಕ್ ಟಕ್, ಎಣಿಸಿದ, ಬೀರುವಿಗೆ ಏಳು ಹೆಜ್ಜೆ, ಆರಾಯಿತು, ಏಳಾಯಿತು, ಎಂಟು — ಎಂಟೆ? ಸದ್ದು ಹತ್ತಿರ ಬರುತ್ತಿದೆ, ನಿಧಾನವಾಗಿ, ಅವಸರವಿಲ್ಲದ ದೊಡ್ಡ ಮನುಷ್ಯರು ಬರುವ ಹಾಗೆ, ಹಳದಿ ಗೆರೆಯನ್ನು ದಾಟಿ, ಕುರ್ಚಿಯ ಕಾಲನ್ನು ಬಳಸಿ, ಮೊದಲು ಮೂಗು, ಆಮೇಲೆ ನರೆತ ಮೂತಿ, ಆಮೇಲೆ ಪೊರೆ ಬಂದ ನೀಲಿ ಕಣ್ಣು ಎರಡೂ, ಎತ್ತಿದ ತಲೆ, ಗೋಡೆಯ ಕಡೆಗಲ್ಲ, ಇತ್ತ, ತನ್ನ ಕಡೆಗೆ, ನೇರವಾಗಿ, ಒರೆಸುವ ಬಟ್ಟೆ ತರಬೇಕು, ಹಿಂಬಾಗಿಲು ತೆಗೆಯಬೇಕು, ಮಾತ್ರೆಗೆ ಹೊತ್ತಾಯಿತು, ಏಳಬೇಕು, ಆ ಮುಖ, ಎತ್ತಿದ ಆ ಮುಖ —