ಸುಮ್ಮನಿರಬೇಕಾದ ಗ್ರಂಥಿ

“ನಾಳೆಯಿಂದ ಗಾಡಿ ಬೇಡಮ್ಮ. ಆಫೀಸಲ್ಲಿ ಕೂತ್ಕೋ,” ಎಂದು ಭಾವ ಮೇಜಿನ ಮೇಲಿದ್ದ ಕಾರಿನ ಕೀಲಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಡ್ರೈವಿಂಗ್ ಶಾಲೆ ಭಾವನದು. ಅವರ ತಮ್ಮ, ಅಂದರೆ ಅವಳ ಗಂಡ, ಹೋದ ವರ್ಷ ಮಲಗಿದವನು ಏಳಲಿಲ್ಲ. ಅಂದಿನಿಂದ ಅವನು ಕೂರುತ್ತಿದ್ದ ಸೀಟಿನಲ್ಲಿ ಅವಳು ಕೂತು ಕಲಿಸುತ್ತಿದ್ದಳು. ಶಾಲೆಯ ಕಾರುಗಳಲ್ಲಿ ಕಲಿಸುವವರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಕಂಗಾಲಾದಾಗ ಅದನ್ನು ಒತ್ತಬೇಕು. ಆ ಬೆಳಿಗ್ಗೆ ತಿರುವಿನಲ್ಲಿ, ಕಲಿಯಲು ಬರುತ್ತಿದ್ದ ಬೇಕರಿಯವಳು ಕಂಗಾಲಾಗಿದ್ದಳು, ಇವಳು ಒತ್ತಿದ್ದು ತಡವಾಗಿತ್ತು. ಕಾರು ದೀಪದ ಕಂಬಕ್ಕೆ ಮುತ್ತು ಕೊಟ್ಟು ನಿಂತಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಬೇಕರಿಯವಳು ಮಾತ್ರ ಬಹಳ ಹೊತ್ತು ಸ್ಟೀರಿಂಗ್ ಬಿಟ್ಟಿರಲಿಲ್ಲ.

“ದುಃಖ ಕಣಮ್ಮ. ನಿನ್ನ ತಪ್ಪಲ್ಲ,” ಎಂದರು ಭಾವ, ಮೆತ್ತಗೆ.

ಆ ಮೆತ್ತಗಿನ ದನಿಯೇ ಅವಳ ಮೈ ಉರಿಸಿತು. ಸುಸ್ತು ಎಂದರೆ ದುಃಖ. ಮೂಳೆ ನೋವು ಎಂದರೆ ದುಃಖ. ಇಟ್ಟ ಸಾಮಾನು ಮರೆತರೆ, ಬಾಯಾರಿ ಕೊಡಗಟ್ಟಲೆ ನೀರು ಕುಡಿದರೆ, ಕುಡಿದದ್ದಕ್ಕೆ ಬಚ್ಚಲಿಗೆ ಓಡಿದರೆ, ಎಲ್ಲವೂ ಅದರ ತಲೆಗೇ. ಕಿಡ್ನಿಯಲ್ಲಿ ಕಲ್ಲು ಸಿಕ್ಕಾಗಲೂ ಅತ್ತೆ, “ಕೊರಗಿ ಕೊರಗಿ ಮಾಡ್ಕೊಂಡೆ,” ಎಂದಿದ್ದರು.

“ದುಃಖಕ್ಕೆ ಮನಸ್ಸು ಕಲ್ಲಾಗುತ್ತೆ ಅಂತ ಕೇಳಿದ್ದೆ ಅತ್ತೆ. ಕಿಡ್ನೀಲೂ ಆಗುತ್ತಾ?”

“ಬಾಯಿಗೇನೂ ಕಮ್ಮಿ ಇಲ್ಲ. ಹಾಲು ಕುಡಿ ಮೊದಲು.”

ಮೂಳೆ ಸವೆದಿದೆ ಎಂದು ಮನೆ ಡಾಕ್ಟರು ಕ್ಯಾಲ್ಸಿಯಂ ಮಾತ್ರೆ ಬರೆದಿದ್ದರು. ಅದು ಸಾಲದೆಂದು ಅತ್ತೆ ಹಾಲಿಗೂ ಕ್ಯಾಲ್ಸಿಯಂ ಪುಡಿ ಕಲಸುತ್ತಿದ್ದರು. ಗ್ಲಾಸು ಖಾಲಿಯಾಗುವ ತನಕ ಎದುರಿಗೇ ನಿಂತಿರುತ್ತಿದ್ದರು. ಮಗನನ್ನು ಉಳಿಸಿಕೊಳ್ಳಲಾಗಲಿಲ್ಲ, ಸೊಸೆಯ ಮೂಳೆಯನ್ನಾದರೂ ಉಳಿಸಿಕೊಳ್ಳುವ ಹಟ ಅವರದು.

ನಿಜ ಹೇಳಬೇಕೆಂದರೆ ಅವಳಿಗೆ ಅಳುವೇ ಬಂದಿರಲಿಲ್ಲ. ಎದೆಯಲ್ಲಿ ಒಂದು ಜಾಗ ಜೋಮು ಹಿಡಿದಿತ್ತು, ಅಷ್ಟೆ. ಅದು ಎಲ್ಲಿದೆ, ಎಷ್ಟಿದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಮೊಣಕಾಲಿನಲ್ಲಿ ಇರಲಿಲ್ಲ.

ಹಟ ಹಿಡಿದು ರಕ್ತ ಪರೀಕ್ಷೆ ಮಾಡಿಸಿದಳು. ಕ್ಯಾಲ್ಸಿಯಂ ಹೆಚ್ಚಿದೆ ಎಂದು ಬಂತು. ಡಾಕ್ಟರು ಮಾತ್ರೆ ನಿಲ್ಲಿಸಿದರು, ಅತ್ತೆ ಗೊಣಗುತ್ತ ಪುಡಿ ನಿಲ್ಲಿಸಿದರು. ಕೆಲವು ವಾರ ಬಿಟ್ಟು ನೋಡಿದರೆ ಆಗಲೂ ಹೆಚ್ಚು. ಕ್ಯಾಲ್ಸಿಯಂ ನೋಡಿಕೊಳ್ಳುವ ಹಾರ್ಮೋನನ್ನೂ ಅಳೆಸಿದ್ದಾಯಿತು. ಅದು ಮಾಮೂಲು ಮಿತಿಯೊಳಗೇ ಇತ್ತು.

“ನೋಡಿ, ಹಾರ್ಮೋನು ನಾರ್ಮಲ್,” ಎಂದರು ಡಾಕ್ಟರು. “ನಿಮಗೆ ಬೇಕಾಗಿರೋದು ನಿದ್ದೆ. ಅದಕ್ಕೊಂದು ಮಾತ್ರೆ ಬರೀತೀನಿ.”

“ನಿದ್ದೆ ಮಾತ್ರೆ ತಗೊಂಡು ಬ್ರೇಕ್ ಒತ್ತಲಾ?” ಎಂದು ಎದ್ದು ಬಂದಳು.

ಹಾರ್ಮೋನಿನ ವಿಷಯ ಓದಿದ ಡಾಕ್ಟರು ಊರಿನ ಇನ್ನೊಂದು ತುದಿಯಲ್ಲಿದ್ದರು. ಕುಳ್ಳಗಿನ, ಗಡಸು ಮಾತಿನ ಹೆಂಗಸು. ಅಂಕಿಗಳನ್ನು ನೋಡಿ ಕನ್ನಡಕ ಹಣೆಗೇರಿಸಿದರು.

“ಕತ್ತಲ್ಲಿ, ಥೈರಾಯ್ಡ್ ಹಿಂದೆ, ಅಕ್ಕಿಕಾಳಿನಷ್ಟು ಪುಟ್ಟ ನಾಲ್ಕು ಗ್ರಂಥಿ ಇರ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಅಂತ ಕಾಯೋದೇ ಅವುಗಳ ಕೆಲಸ. ಸ್ವಲ್ಪ ಇಳಿದ್ರೆ ಸಾಕು, ಹಾರ್ಮೋನು ಬಿಡ್ತವೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಎಳೆಸುತ್ತೆ, ಮೂತ್ರದಲ್ಲಿ ಹೋಗೋದನ್ನ ತಡೆಯುತ್ತೆ, ವಿಟಮಿನ್ ಡಿ ಎಬ್ಬಿಸಿ ಊಟದಲ್ಲಿರೋದನ್ನ ಕರುಳು ಹೀರೋ ಹಾಗೆ ಮಾಡುತ್ತೆ.”

“ಏರಿದ್ರೆ?”

“ಬಾಯಿ ಮುಚ್ಕೊಂಡು ಕೂರಬೇಕು. ಕ್ಯಾಲ್ಸಿಯಂ ಇಷ್ಟು ಏರಿದಾಗ ಹಾರ್ಮೋನು ತಳ ಕಂಡಿರಬೇಕಿತ್ತು. ನಿಮ್ಮದು ಇಳಿದೇ ಇಲ್ಲ. ಯಾವುದೋ ಒಂದು ಗ್ರಂಥಿ ಬೆಳೆದು ಮಾತು ಕೇಳ್ತಿಲ್ಲ. ನಿಮ್ಮ ಮೂಳೆ ಕರಗಿಸಿ ರಕ್ತಕ್ಕೆ ಸುರೀತಿದೆ. ಕಿಡ್ನಿ ಎಷ್ಟು ಅಂತ ತಡೆಯುತ್ತೆ? ಉಕ್ಕಿ ಹರಿದದ್ದು ಕಲ್ಲಾಗಿದೆ.”

ಅವಳು ಕುರ್ಚಿಗೆ ಒರಗಿದಳು. “ಹಾಗಾದ್ರೆ ಇದು ದುಃಖ ಅಲ್ಲ?”

“ದುಃಖ ನನ್ನ ಇಲಾಖೆ ಅಲ್ಲಮ್ಮ. ಆದರೆ ಇದು ಅದಲ್ಲ. ಆಪರೇಷನ್ ಮಾಡಿ ಆ ಒಂದನ್ನ ತೆಗೆಸಬೇಕು.”

ಮನೆಯಲ್ಲಿ ಅತ್ತೆ ಹೌಹಾರಿದರು. “ಕತ್ತು ಕೊಯ್ಸೋದಾ? ನಿನಗೇನು ತಲೆ ಕೆಟ್ಟಿದೆಯಾ?”

“ನಾರ್ಮಲ್ ಅಂದ್ಮೇಲೆ ಮುಗೀತಲ್ಲ,” ಎಂದರು ಭಾವ. “ಒಂದಷ್ಟು ದಿನ ಮನೇಲಿ ಸುಮ್ಮನಿದ್ದು ನೋಡು.”

“ಭಾವ, ಪೇಟೇಲಿ ಗಾಡಿ ನಲವತ್ತರ ಸ್ಪೀಡಲ್ಲಿ ಹೋದ್ರೆ ಸರಿಯಾ?”

“ಸರಿಯೇ.”

“ಕೆಂಪು ದೀಪ ಬಿದ್ದಾಗ?”

ಭಾವ ಆಯುಷ್ಯವಿಡೀ ಗಾಡಿ ಕಲಿಸಿದ ಮನುಷ್ಯ. ಮೇಜಿನಡಿಯಲ್ಲಿ ಅವರ ಕಾಲು ತನಗೆ ತಾನೇ ನೆಲವನ್ನು ಒತ್ತಿತು.

“ಕ್ಯಾಲ್ಸಿಯಂ ಏರಿ ಕೆಂಪು ದೀಪ ಬಿದ್ದಿದ್ರೂ ನನ್ನ ಗ್ರಂಥಿ ನಲವತ್ತರಲ್ಲೇ ಹೋಗ್ತಿದೆ. ಮನೆ ಡಾಕ್ಟರು ಸ್ಪೀಡು ನೋಡಿದ್ರು, ದೀಪ ನೋಡಲಿಲ್ಲ. ಇದನ್ನ ತೆಗೆಸೋ ತನಕ ನಾನು ಗಾಡಿ ಹತ್ತಲ್ಲ. ನೀವು ಇಳಿಸಿದ್ರಿ ಅಂತಲ್ಲ, ನಾನೇ ಇಳಿದೆ. ಆದರೆ ಆ ಸೀಟಿಗೆ ಬೇರೆಯವರನ್ನ ಕೂರಿಸಬೇಡಿ.”

“ಆಮೇಲೂ ಸರಿಹೋಗದಿದ್ರೆ?”

“ನಾನೇ ಬಂದು ಹೇಳ್ತೀನಿ. ನೀವು ಹೇಳೋದು ಬೇಡ.”

ಭಾವ ಅತ್ತೆಯ ಮುಖ ನೋಡಿದರು. “ಕೊಯ್ಸಿಕೊಳ್ಳಲಿ ಬಿಡಮ್ಮ.”

ತೆಗೆದ ಗ್ರಂಥಿ ಹುರುಳಿಕಾಯಿಯೊಳಗಿನ ಬೀಜದಷ್ಟಿತ್ತು. ಮಾರನೆಯ ದಿನ ಅವಳ ತುಟಿ, ಬೆರಳ ತುದಿ ಜುಮುಗುಟ್ಟತೊಡಗಿದವು. ಉಳಿದ ಮೂರು ಗ್ರಂಥಿಗಳು ಕೆಲಸವಿಲ್ಲದೆ ಮಂಕಾಗಿದ್ದವು, ಹಸಿದ ಮೂಳೆಗಳು ಕ್ಯಾಲ್ಸಿಯಂ ಬಾಚಿಕೊಳ್ಳುತ್ತಿದ್ದವು. ಆ ಗ್ರಂಥಿಗಳು ಎಚ್ಚೆತ್ತುಕೊಳ್ಳುವ ತನಕ ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬೇಡಿ ಎಂದರು ಡಾಕ್ಟರು.

“ಕೇಳಿಸ್ಕೊಂಡ್ಯಾ?” ಅತ್ತೆಯ ಮುಖ ಊರಗಲವಾಯಿತು. “ನಾನು ಮೊದಲಿಂದ ಬಡ್ಕೋತಿದ್ದದ್ದು ಇದನ್ನೇ.”

ನಗಲು ಹೋಗಿ ಹೊಲಿಗೆ ಎಳೆದು, ಅವಳು ಕತ್ತು ಹಿಡಿದುಕೊಂಡಳು.

ಶಾಲೆಗೆ ಮರಳಿದ ದಿನ ಭಾವ ಕಲಿಯುವವರ ಜಾಗದಲ್ಲಿ ತಾವೇ ಕೂತರು. ಅವಳು ಪಕ್ಕದಲ್ಲಿ. ಎರಡು ಬೀದಿ ನೆಟ್ಟಗೆ ಓಡಿಸಿದವರು ಗೋದಾಮಿನ ಹಿಂದಿನ ಖಾಲಿ ಮೈದಾನಕ್ಕೆ ತಿರುಗಿಸಿ, ಸೂಚನೆ ಕೊಡದೆ ಗೋಡೆಯತ್ತ ನುಗ್ಗಿಸಿದರು. ಅವಳ ಕಾಲು ಯೋಚನೆಗಿಂತ ಮುಂಚೆ ಬ್ರೇಕಿನ ಮೇಲೆ ಇಳಿಯಿತು. ಭಾವನ ಕನ್ನಡಕ ಮಡಿಲಿಗೆ ಬಿತ್ತು. ಗೋಡೆ ಇನ್ನೂ ಬಹಳ ದೂರವಿತ್ತು.

ಅವರು ಕನ್ನಡಕ ಒರೆಸಿದರು. “ಅಂತೂ ದುಃಖ ಹೋಯ್ತು ಅನ್ನು.”

“ಇಲ್ಲ ಭಾವ, ಪೂರ್ತಿ ಇದೆ. ಅದು ನನ್ನದು. ಅದಕ್ಕೆ ಯಾರೂ ಔಷಧ ಹುಡುಕೋದು ಬೇಡ, ಅದರ ಹೆಸರಲ್ಲಿ ಯಾರೂ ನನ್ನನ್ನ ಇಳಿಸೋದೂ ಬೇಡ.” ಅವಳು ಕೈಚಾಚಿ ಅವರ ಕಡೆಯ ಬಾಗಿಲು ತೆರೆದಳು. “ಜಾಗ ಬಿಡಿ. ಕಲಿಯೋರು ಕಾಯ್ತಿದ್ದಾರೆ, ಗಾಡಿ ನಾನು ತಗೊಂಡು ಹೋಗ್ತೀನಿ.”