ಒಂಬತ್ತು ದಿನದ ಮೊಣಕಾಲು

ಮೂರನೇ ಸಲ ಕುರ್ಚಿಯಿಂದ ಎದ್ದ ಟೈಲರಮ್ಮನನ್ನು ನಾದಿನಿ ಭುಜ ಒತ್ತಿ ಮತ್ತೆ ಕೂರಿಸಿದಳು.

"ಸುಮ್ನೆ ಕೂತ್ಕೊಳ್ಳಿ ಅತ್ತಿಗೆ. ಹೊಸ ಮಂಡಿ ಹಾಕಿಸಿಕೊಂಡು ಇನ್ನೂ ಒಂಬತ್ತು ದಿನ. ಅಣ್ಣ ಹೋಗಿದ್ದು ಸಾಲ್ದು ಅಂತ ನೀವೂ ಬೀಳ್ತೀರಾ?"

"ಕೂತಷ್ಟೂ ಹಿಡ್ಕೊಳ್ಳತ್ತೆ ಕಣೇ. ಓಡಾಡ್ತಾ ಇರಿ ಅಂತ ಡಾಕ್ಟ್ರೇ ಹೇಳಿದಾರೆ."

"ಡಾಕ್ಟ್ರು ನೂರು ಹೇಳ್ತಾರೆ."

ನಡುಮನೆಯಲ್ಲಿ ಗಂಡ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತೇ ದುಡಿದವನು, ನಿನ್ನೆ ಮಧ್ಯಾಹ್ನ ಉಂಡು ಒರಗಿದವನು ಮತ್ತೆ ಏಳಲೇ ಇಲ್ಲ. ಬಂದವರೆಲ್ಲ ಬಗ್ಗಿ ಅವನ ಮುಖ ನೋಡುತ್ತಿದ್ದರು, ಆಮೇಲೆ ತಿರುಗಿ ಇವಳ ಮಂಡಿ ನೋಡುತ್ತಿದ್ದರು.

ಮಗ ಬಾಡಿಗೆಗೆ ತಂದ ಗಾಲಿಕುರ್ಚಿಯನ್ನು ಬಾಗಿಲಲ್ಲಿ ಬಿಡಿಸುತ್ತಿದ್ದ. "ಅಮ್ಮ, ಸ್ಮಶಾನದ ತನಕ ಎಲ್ಲರೂ ವ್ಯಾನ್ ಹಿಂದೆ ನಡೀತಾರೆ. ನೀನು ಇದರಲ್ಲಿ ಬಾ, ನಾನು ತಳ್ತೀನಿ."

ಆ ಕುರ್ಚಿ ಕಂಡದ್ದೇ ಟೈಲರಮ್ಮ ಸೆರಗು ಬಿಗಿಹಿಡಿದಳು. ಇವತ್ತು ಅದರಲ್ಲಿ ಕೂತರೆ ನಾಳೆ ಎಬ್ಬಿಸುವವರು ಯಾರು? ಎಬ್ಬಿಸುತ್ತಿದ್ದವನೇ ಮಲಗಿದ್ದಾನೆ.

*

ಡಾಕ್ಟರು ಇಬ್ಬರಿಗೂ ಆಪರೇಷನ್ ಹೇಳಿದ್ದರು. ಹೊಲಿಗೆ ಯಂತ್ರ ತುಳಿದು ತುಳಿದು ಸವೆದ ಅವಳ ಮೊಣಕಾಲು. ಕಿಕ್ಕಿರಿದ ಬಸ್ಸಿನಲ್ಲಿ ವಾಲಾಡಿ ಸವೆದ ಅವನ ಸೊಂಟದ ಕೀಲು. ಮಗ ಇರುವುದು ಬೇರೆ ಊರಲ್ಲಿ, ಇಬ್ಬರೂ ಒಟ್ಟಿಗೆ ಮಲಗಿದರೆ ಮನೆಯಲ್ಲಿ ಒಂದು ಲೋಟ ನೀರು ಕೊಡುವವರಿಲ್ಲ.

"ಮೊದ್ಲು ನಿಂದು," ಅಂದಿದ್ದ ಅವನು. "ನೀನು ಓಡಾಡೋ ಹಾಗಾದ್ಮೇಲೆ ನಂದು."

ಆಪರೇಷನ್ ದಿನ ಬೆಳಿಗ್ಗೆ ಮೊಣಕಾಲು ಬದಲಾಯಿಸಿದರು. ಸಂಜೆಗೆಲ್ಲ ನರ್ಸು ವಾಕರ್ ತಂದು ಮಂಚದ ಪಕ್ಕ ಇಟ್ಟಾಗ ಟೈಲರಮ್ಮ ಮಂಚದ ಸರಳು ಹಿಡಿದುಕೊಂಡಳು. "ಇವತ್ತೇನಾ?"

"ವಾರಗಟ್ಟಲೆ ಮಲಗಿಸೋ ಕಾಲ ಹೋಯ್ತಮ್ಮ. ಬೇಗ ಎದ್ರೆ ಬೇಗ ಮನೆ."

ನಾಲ್ಕು ಹೆಜ್ಜೆ ಇಟ್ಟಳು. ಮರುದಿನ ಮೆಟ್ಟಿಲು, ಮೂರನೇ ದಿನ ಮನೆ. ಆದರೆ ಮನೆಗೆ ಬಂದದ್ದೇ ತಡ, ಹೊದಿಕೆ ಎಳೆದುಕೊಂಡಳು. ನೋವು ಇತ್ತು, ಅದಕ್ಕಿಂತ ಹೆದರಿಕೆ ಇತ್ತು. ಅವನು ಸೊಟ್ಟ ಸೊಂಟ ಹೊತ್ತು ದಿನಕ್ಕೆ ಆರು ಸಲ ಮಂಚದ ಬಳಿ ಬಂದು ನಿಲ್ಲುತ್ತಿದ್ದ.

"ಏಳೇ, ಮುಂದಿನ ಸ್ಟಾಪ್ ಅಡುಗೆಮನೆ."

"ನನ್ನ ತಲೆ ತಿನ್ಬೇಡಿ. ನಿಮಗ್ಯಾಕ್ರೀ ಇಷ್ಟು ಅವಸರ?"

"ನಿನ್ನ ಕಾಲು ನಡೆದ್ರೆ ತಾನೇ ನನ್ನ ಸೊಂಟಕ್ಕೆ ಪಾಳಿ?"

ಮೊನ್ನೆ ಸಂಜೆ ಅವನು ನಗುತ್ತಲೇ ಹಾಗಂದಿದ್ದ. ಅವಳು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದಳು.

*

ಅವನನ್ನು ಒಳಗಿಟ್ಟು ವ್ಯಾನಿನ ಬಾಗಿಲು ಮುಚ್ಚಿದ ಸದ್ದಿಗೆ ಟೈಲರಮ್ಮ ನಾಲ್ಕನೇ ಸಲ ಎದ್ದಳು. ನಾದಿನಿಯ ಕೈ ಮತ್ತೆ ಭುಜಕ್ಕೆ ಬಂತು.

"ನಡ್ಕೊಂಡೇ ಬರ್ತೀನಿ."

"ಅಮ್ಮ, ಹಟ ಮಾಡ್ಬೇಡ," ಅಂದ ಮಗ. "ಯಾರಿಗೆ ತೋರಿಸಬೇಕು?"

"ಅವರು ಕರೆದಾಗ ಏಳಲಿಲ್ಲ ಕಣೋ! ನೋವು ನುಂಗ್ಕೊಂಡು ನನ್ನ ಹಿಂದೆ ಸುತ್ತಿದ್ರು, ನಾನು ಗೋಡೆ ನೋಡ್ತಾ ಮಲಗಿದ್ದೆ. ಇವತ್ತೂ ಕೂತಿರ್ಲಾ?"

ನಾದಿನಿ ಕೈ ತೆಗೆದು ಕಣ್ಣೊರೆಸಿಕೊಂಡಳು, ಆಮೇಲೆ ತಾನೇ ವಾಕರ್ ಎಳೆದು ಅವಳ ಮುಂದಿಟ್ಟಳು.

ವ್ಯಾನು ಹೊರಟಿತು. ಹತ್ತು ಹೆಜ್ಜೆಗೇ ಅದು ಮುಂದಾಯಿತು, ಅವಳು ಹಿಂದಾದಳು.

"ಸ್ವಲ್ಪ ನಿಧಾನ ಹೋಗಪ್ಪಾ!"

ಡ್ರೈವರ್ ತಲೆ ಹೊರಗೆ ಹಾಕಿದ. "ಇದಕ್ಕಿಂತ ನಿಧಾನ ಅಂದ್ರೆ ಎಂಜಿನ್ನೇ ನಿಂತುಹೋಗತ್ತಮ್ಮ."

"ನಿಂತ್ರೆ ಮತ್ತೆ ಸ್ಟಾರ್ಟ್ ಮಾಡು."

ಎರಡು ಸಲ ನಿಂತೂ ಹೋಯಿತು. ಎರಡು ಸಲವೂ ಅವನು ಗೊಣಗದೆ, ಅವಳು ಹತ್ತಿರ ಬಂದ ಮೇಲೆ ಮತ್ತೆ ಶುರುಮಾಡಿದ. ರಸ್ತೆ ಕಿತ್ತುಹೋದಲ್ಲಿ ವಾಕರಿನ ಕಾಲು ಜಲ್ಲಿಗೆ ಸಿಕ್ಕಿಕೊಂಡಿತು. ಅವಳು ಒಂದು ಕೈ ಚಾಚಿ ವ್ಯಾನಿನ ಹಿಂಬಾಗಿಲ ಹಿಡಿಕೆ ಹಿಡಿದಳು. ಆಮೇಲೆ ಇನ್ನೊಂದು ಕೈಯನ್ನೂ ಅಲ್ಲಿಗೇ ತಂದಳು. ಮಗ ಗಾಬರಿಯಿಂದ ಓಡಿಬಂದು ಬೆನ್ನ ಹಿಂದೆ ಕೈ ಚಾಚಿ ನಿಂತ, ಮುಟ್ಟಲಿಲ್ಲ.

ವ್ಯಾನು ಅವಳ ಹೆಜ್ಜೆಗೆ ತಕ್ಕಂತೆ ತೆವಳಿತು. ಹಿಂದೆ ಬರುತ್ತಿದ್ದ ಜನ ರಸ್ತೆಯ ನಡುವೆ ಒಂಟಿಯಾಗಿ ನಿಂತಿದ್ದ ವಾಕರನ್ನು ಎಡಕ್ಕೂ ಬಲಕ್ಕೂ ಬಳಸಿಕೊಂಡು ನಡೆದರು.